ಸೈಕಾಲಜಿ ಡಿಗ್ರಿ ಮುಗಿದ ಮೇಲೆ ಮುಂದೇನು? ಓದಿದವರು ದಯವಿಟ್ಟು ಹೇಳಿ

ಎರಡನೇ ವರ್ಷ

ಎಲ್ಲರಿಗೂ ನಮಸ್ಕಾರ. ನಾನು ಸೈಕಾಲಜಿ ಡಿಗ್ರಿಯ ಎರಡನೇ ವರ್ಷದಲ್ಲಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಶಾಲೆಯಲ್ಲಿದ್ದಾಗಿನಿಂದ ಗೆಳತಿಯರು ತಮ್ಮ ಕಷ್ಟ ಸುಖ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು. ನೀನು ಚೆನ್ನಾಗಿ ಕೇಳಿಸಿಕೊಳ್ತೀಯ ಅನ್ನುತ್ತಿದ್ದರು. ಅದಕ್ಕೇ ಈ ವಿಷಯ ತೆಗೆದುಕೊಂಡೆ. ಒಳಗೆ ಬಂದ ಮೇಲೆ ನೋಡಿದರೆ ಮೊದಲ ವರ್ಷವೆಲ್ಲ ನರಕೋಶ, ಕಣ್ಣು ಹೇಗೆ ನೋಡುತ್ತದೆ, ನೆನಪು ಹೇಗೆ ಉಳಿಯುತ್ತದೆ, ಜೊತೆಗೆ ಸ್ಟ್ಯಾಟಿಸ್ಟಿಕ್ಸ್. ಕಷ್ಟದಲ್ಲಿರುವವರ ಜೊತೆ ಹೇಗೆ ಮಾತಾಡಬೇಕು ಅನ್ನುವ ಪಾಠ ಇನ್ನೂ ಒಂದೂ ಬಂದಿಲ್ಲ.

ಹಾಗಂತ ಇಷ್ಟ ಆಗ್ತಿಲ್ಲ ಅಂತಲ್ಲ. ಹೋದ ವಾರ ಪ್ರಾಕ್ಟಿಕಲ್‌ನಲ್ಲಿ ಸ್ಟ್ರೂಪ್ ಪ್ರಯೋಗ ಮಾಡಿದೆವು. "ಕೆಂಪು" ಅನ್ನುವ ಪದವನ್ನು ನೀಲಿ ಬಣ್ಣದಲ್ಲಿ ಅಚ್ಚು ಹಾಕಿರುತ್ತಾರೆ. ಪದ ಓದಬಾರದು, ಬಣ್ಣ ಮಾತ್ರ ಹೇಳಬೇಕು. ನಾನು ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ಎದುರಿಗಿದ್ದ ಗೆಳತಿ ಬರೀ ಬಣ್ಣದ ಚೌಕಗಳಿದ್ದ ಹಾಳೆಯನ್ನು ಪಟಪಟ ಅಂತ ಮುಗಿಸಿದಳು. ಪದಗಳ ಹಾಳೆ ಕೊಟ್ಟಾಗ ಮೂರನೇ ಸಾಲಿಗೇ ನಾಲಿಗೆ ತಡವರಿಸಿತು. ಕಣ್ಣು ಕಿರಿದು ಮಾಡಿ ಪದ ಕಾಣದ ಹಾಗೆ ನೋಡೋಕೆ ಪ್ರಯತ್ನಪಟ್ಟಳು. ಓದಬಾರದು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಓದದೆ ಇರೋಕೆ ಆಗ್ತಿಲ್ಲ! ಅದನ್ನು ಕಣ್ಣೆದುರೇ ನೋಡಿದಾಗ ಮೈ ಜುಮ್ಮೆಂದಿತು.

ಮನೆಯಲ್ಲಿ ಅಪ್ಪ ಆಗಾಗ ಕೇಳುತ್ತಾರೆ, ಇದನ್ನು ಓದಿ ಮುಂದೆ ಏನಾಗ್ತೀಯಮ್ಮ ಅಂತ. ನನ್ನ ಹತ್ತಿರ ಉತ್ತರ ಇಲ್ಲ. ಡಿಗ್ರಿ ಒಂದರಿಂದಲೇ ಥೆರಪಿ ಮಾಡಬಹುದಾ? ಅದು ಬಿಟ್ಟು ಬೇರೆ ದಾರಿ ಇದೆಯಾ? ಸ್ಟ್ಯಾಟಿಸ್ಟಿಕ್ಸ್ ನಿಜವಾಗಿಯೂ ಅಷ್ಟೊಂದು ಬೇಕಾ?

ಕ್ಲಿನಿಕ್ ಕೆಲಸ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೊದಲ ಪ್ರಶ್ನೆಗೆ ನೇರ ಉತ್ತರ: ಆಗುವುದಿಲ್ಲ. ಬರೀ ಡಿಗ್ರಿಯಿಂದ ಥೆರಪಿ ಮಾಡಲು ಕೂರಬೇಡಿ. ಕಾನೂನು ಬಿಡಿ, ಎದುರಿಗೆ ಕೂತವರಿಗೆ ಅದು ಅನ್ಯಾಯ.

ಹೆಸರುಗಳನ್ನು ಜನ ಬಹಳ ಕಲಸಿಬಿಡುತ್ತಾರೆ. ಮನೋವೈದ್ಯರು ಮೊದಲು ವೈದ್ಯಕೀಯ ಓದಿ ಆಮೇಲೆ ಮನೋರೋಗದಲ್ಲಿ ತಜ್ಞರಾದವರು. ಹೆಚ್ಚಿನ ಕಡೆ ಔಷಧಿ ಬರೆಯುವವರು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಬರುವುದು ಸೈಕಾಲಜಿ ದಾರಿಯಿಂದ. ಪರೀಕ್ಷೆ, ರೋಗನಿರ್ಣಯ, ಥೆರಪಿ ಅವರ ಕೆಲಸ. ಕೌನ್ಸೆಲರ್ ತರಬೇತಿ ಬೇರೆಯದೇ. ಅದರ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಸೈಕಾಲಜಿಸ್ಟ್ ಆಗಲು ಎಷ್ಟು ವರ್ಷ ಬೇಕು ಅನ್ನುವುದೂ ಹಾಗೇ. ಯುರೋಪಿನ ಯುರೋಸೈ ಪ್ರಮಾಣಪತ್ರಕ್ಕೆ ಐದು ವರ್ಷದ ವಿಶ್ವವಿದ್ಯಾಲಯದ ಓದು, ಮೇಲೆ ಒಂದು ವರ್ಷ ಹಿರಿಯರ ಕೈಕೆಳಗೆ ಕೆಲಸ. ಆಸ್ಟ್ರೇಲಿಯಾದಲ್ಲಿ ಕನಿಷ್ಠ ಆರು ವರ್ಷ. ಬ್ರಿಟನ್‌ನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಡಾಕ್ಟರೇಟ್ ಮಟ್ಟದ ತರಬೇತಿ ಮಾಡಬೇಕು. ನೀವು ಎಲ್ಲಿ ಕೆಲಸ ಮಾಡಬೇಕು ಅಂದುಕೊಂಡಿದ್ದೀರೋ ಆ ಜಾಗದ ನಿಯಮವನ್ನು ಈ ವರ್ಷವೇ ನೋಡಿಟ್ಟುಕೊಳ್ಳಿ. ಮಾಸ್ಟರ್ಸ್‌ಗೆ ಸೇರಿದ ಮೇಲೆ, ಈ ಕೋರ್ಸಿಗೆ ಮಾನ್ಯತೆ ಇಲ್ಲ ಅಂತ ಗೊತ್ತಾಗಿ ಅತ್ತವರನ್ನು ನಾನು ನೋಡಿದ್ದೇನೆ.

ನೀವು ಚೆನ್ನಾಗಿ ಕೇಳಿಸಿಕೊಳ್ಳುತ್ತೀರಿ ಅನ್ನುವುದು ಒಳ್ಳೆಯ ಗುಣವೇ. ಆದರೆ ಗೆಳತಿಗೆ ಕಿವಿ ಕೊಡುವುದು ಬೇರೆ, ಇದು ಬೇರೆ. ತರಬೇತಿಯಲ್ಲಿದ್ದಾಗ ನಮ್ಮ ಸೆಷನ್‌ಗಳನ್ನು, ಥೆರಪಿಗೆ ಬಂದವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡುತ್ತಿದ್ದರು. ನನ್ನ ಎರಡನೆಯದನ್ನೋ ಮೂರನೆಯದನ್ನೋ ಸೂಪರ್‌ವೈಸರ್ ಮೇಡಂ ಜೊತೆ ಕೂತು ಕೇಳುತ್ತಿದ್ದೆ. ಬಂದಿದ್ದವರು ಏನು ಹೇಳಿದರು ಅನ್ನುವುದು ಇಲ್ಲಿ ಬೇಡ. ಅವರು ಒಂದು ಮಾತು ಹೇಳಿ ಸುಮ್ಮನಾದರು. ತಕ್ಷಣ ನನ್ನ ದನಿ: "ಎಲ್ಲ ಸರಿ ಹೋಗುತ್ತೆ." ಮೇಡಂ ಟೇಪ್ ನಿಲ್ಲಿಸಿ ಹಿಂದಕ್ಕೆ ಓಡಿಸಿದರು. ಮತ್ತೆ ಹಾಕಿದರು. ಅವರ ಮಾತಿಗೂ ನನ್ನ ಮಾತಿಗೂ ನಡುವೆ ಎರಡು ಸೆಕೆಂಡು ಕೂಡ ಇರಲಿಲ್ಲ. "ಇದನ್ನ ಯಾರಿಗೋಸ್ಕರ ಹೇಳಿದೆ?" ಅಂತ ಕೇಳಿದರು. ಯೋಚಿಸಿದೆ. ಆ ಮೌನ ತಡೆಯಲಾಗದೆ ನನಗೋಸ್ಕರ ಹೇಳಿಕೊಂಡಿದ್ದೆ. ಇಂಥದ್ದನ್ನು ಕಂಡುಹಿಡಿದು ತಿದ್ದುವವರು ಪಕ್ಕದಲ್ಲಿ ಬೇಕು. ತರಬೇತಿ ಅಷ್ಟು ವರ್ಷ ಹಿಡಿಯುವುದು ಇದಕ್ಕೇ.

ದಾರಿ ಬದಲಿಸಿದವನು

ಮೇಡಂ ಹೇಳಿದ್ದು ಸರಿ. ಆದರೆ ಇದನ್ನು ಕೋರ್ಸಿಗೆ ಸೇರುವ ಮೊದಲು ಯಾರೂ ಹೇಳುವುದಿಲ್ಲ, ನನ್ನ ಸಂಕಟ ಅದು. ನಾನು ಓದಿದ ಕಡೆ ಅಡ್ಮಿಷನ್ ಪುಸ್ತಿಕೆಯಲ್ಲಿ "ಮೂರು ವರ್ಷದಲ್ಲಿ ಸೈಕಾಲಜಿಸ್ಟ್ ಆಗಿ" ಅಂತಲೇ ಹಾಕಿದ್ದರು. ನಂಬಿದೆ. ಮುಗಿಸಿ ಹೊರಗೆ ಬಂದಾಗ ಹೋದ ಕಡೆಯೆಲ್ಲ ಒಂದೇ ಪ್ರಶ್ನೆ, ಮಾಸ್ಟರ್ಸ್ ಆಗಿದೆಯಾ ಅಂತ. ಮನೆಯ ಪರಿಸ್ಥಿತಿಯಲ್ಲಿ ಇನ್ನೂ ಎರಡು ವರ್ಷ ಓದುವ ಹಾಗಿರಲಿಲ್ಲ. ಹತ್ತಿರ ಹತ್ತಿರ ಒಂದೂವರೆ ವರ್ಷ ಸುಮ್ನೆ ಅಲೆದೆ.

ಈಗ ಡೇಟಾ ಅನಲಿಸ್ಟ್ ಆಗಿದ್ದೇನೆ. ನೆಮ್ಮದಿಯಾಗಿದ್ದೇನೆ. ಆದರೂ ತಂಗಿ, ಮೂರು ವರ್ಷ ಮಾತ್ರ ಓದಲು ಆಗುತ್ತದಾ, ಐದಾರು ವರ್ಷ ಆಗುತ್ತದಾ, ಇದನ್ನು ಮನೆಯವರ ಜೊತೆ ಕೂತು ಈಗಲೇ ಮಾತಾಡಿ. ನಿಮ್ಮ ದಾರಿ ಯಾವುದು ಅನ್ನುವುದು ಬಹುಪಾಲು ಆ ಒಂದು ಉತ್ತರದ ಮೇಲೆ ನಿಂತಿದೆ.

ಲ್ಯಾಬ್ ಮೂಲೆ

ನೆನಪಿನ ಬಗ್ಗೆ ಸಂಶೋಧನೆ ಮಾಡುತ್ತೇನೆ, ಡಿಗ್ರಿ ಮಕ್ಕಳಿಗೆ ಪ್ರಾಕ್ಟಿಕಲ್ ಕೂಡ ತೆಗೆದುಕೊಳ್ಳುತ್ತೇನೆ. ಸ್ಟ್ಯಾಟಿಸ್ಟಿಕ್ಸ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಯಾಕೆಂದರೆ ಅದನ್ನು ಶಿಕ್ಷೆ ಅಂದುಕೊಂಡು ಓದುವವರನ್ನು ಕಂಡರೆ ನನಗೆ ನೋವಾಗುತ್ತದೆ.

ಮನುಷ್ಯರ ಬಗ್ಗೆ ಎಲ್ಲರ ಹತ್ತಿರವೂ ಒಂದು ಅಭಿಪ್ರಾಯ ಇರುತ್ತದೆ. ನಿಮ್ಮ ಅಜ್ಜಿಗೂ ಇದೆ, ನನಗೂ ಇದೆ. ಅಜ್ಜಿಯ ಅಭಿಪ್ರಾಯ ಎಷ್ಟೋ ಸಲ ಸರಿಯೇ ಇರುತ್ತದೆ. ಯಾವುದು ಸರಿ, ಯಾವುದು ತಪ್ಪು ಅಂತ ತಿಳಿಯುವುದು ಹೇಗೆ? ಅದನ್ನು ಕಲಿಸುವುದೇ ಈ ಡಿಗ್ರಿ. ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್ಜಿಗ್‌ನಲ್ಲಿ ಪ್ರಯೋಗಾಲಯ ತೆರೆದದ್ದನ್ನು ಈ ಶಾಸ್ತ್ರದ ಹುಟ್ಟು ಅನ್ನುತ್ತಾರಲ್ಲ, ಅದು ಇದಕ್ಕೇ. ಮನಸ್ಸಿನ ಬಗ್ಗೆ ಮಾತಾಡುವುದು ಸಾವಿರಾರು ವರ್ಷದಿಂದ ಇತ್ತು. ಅಳೆದು ನೋಡುವುದು ಹೊಸದಾಗಿತ್ತು.

ಒಂದು ಉದಾಹರಣೆ ಕೊಡುತ್ತೇನೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಚಲನಚಿತ್ರ ತೋರಿಸಿದರು. ಆಮೇಲೆ ಕಾರು ಎಷ್ಟು ವೇಗದಲ್ಲಿತ್ತು ಅಂತ ಕೇಳಿದರು. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಮಾತ್ರ ಬೇರೆ ಬೇರೆ. ಕಾರುಗಳು "ಜಜ್ಜಿಹೋಗುವ ಹಾಗೆ ಗುದ್ದಿದಾಗ" ಅಂತ ಕೇಳಿದವರಿಗೆ ಬಂದ ಸರಾಸರಿ ಉತ್ತರ ಗಂಟೆಗೆ 40.5 ಮೈಲಿ. "ತಾಗಿದಾಗ" ಅಂತ ಕೇಳಿದವರಿಗೆ 31.8. ಎಲ್ಲರೂ ನೋಡಿದ್ದು ಒಂದೇ ಚಿತ್ರಗಳು! ಸಾಕ್ಷಿಯನ್ನು ಪೊಲೀಸರು ಹೇಗೆ ಪ್ರಶ್ನೆ ಮಾಡಬೇಕು ಅನ್ನುವ ಚರ್ಚೆಗೆ ಇಂಥ ಕೆಲಸವೇ ಬುನಾದಿ. ಈಗ ಹೇಳಿ, ಆ 8.7 ಮೈಲಿಯ ವ್ಯತ್ಯಾಸ ನಿಜವಾದದ್ದಾ, ಇಲ್ಲ ಆ ಗುಂಪಿನಲ್ಲಿ ಆಕಸ್ಮಿಕವಾಗಿ ಹೆಚ್ಚು ಹೇಳುವವರು ಕೂತಿದ್ದರಾ? ಸ್ಟ್ಯಾಟಿಸ್ಟಿಕ್ಸ್ ಇಲ್ಲದೆ ಹೇಳೋಕಾಗಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ನಮ್ಮ ಶಾಸ್ತ್ರದಲ್ಲಿ ಪ್ರಕಟವಾದದ್ದೆಲ್ಲ ನಿಲ್ಲುವುದಿಲ್ಲ. 2015ರಲ್ಲಿ ಸಂಶೋಧಕರ ದೊಡ್ಡ ಗುಂಪೊಂದು ಮೂರು ಒಳ್ಳೆಯ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ 97 ಶೇಕಡಾ ಅಧ್ಯಯನಗಳು "ಪರಿಣಾಮ ಇದೆ" ಅಂದಿದ್ದವು. ಮತ್ತೆ ಮಾಡಿದಾಗ ಹಾಗೆ ಅಂದದ್ದು 36 ಶೇಕಡಾ ಮಾತ್ರ. ಆಗ ನಾನು ಪಿಎಚ್‌ಡಿಯ ಮಧ್ಯದಲ್ಲಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಆದರೆ ತಪ್ಪು ಹುಡುಕಿದವರು ಹೊರಗಿನವರಲ್ಲ, ನಮ್ಮವರೇ. ಆಮೇಲಿನಿಂದ ನನಗೆ ಈ ಶಾಸ್ತ್ರದ ಮೇಲೆ ಪ್ರೀತಿ ಜಾಸ್ತಿಯಾಯಿತು. ನೀವು ಮಾಡಿದ ಸ್ಟ್ರೂಪ್ ಪ್ರಯೋಗ 1935ರದು. ಆಗ ಸ್ಟ್ರೂಪ್ ಅನ್ನುವ ಸೈಕಾಲಜಿಸ್ಟ್ 100 ಬಣ್ಣ ಹೇಳಿಸಿದ್ದರು. ಚೌಕಗಳಿಗೆ ಸರಾಸರಿ ಸುಮಾರು 63 ಸೆಕೆಂಡು, ಪದಗಳಿಗೆ 110. ಇವತ್ತಿಗೂ ಯಾವ ಕ್ಲಾಸಿನಲ್ಲಿ ಮಾಡಿದರೂ ಆ ವ್ಯತ್ಯಾಸ ಬರುತ್ತದೆ. ನಿಂತ ಪ್ರಯೋಗ ಅಂದರೆ ಅದು.

ನಿಮ್ಮ ಕ್ಲಾಸಿನ ಅಂಕಿಗಳನ್ನು ಎಸೆಯಬೇಡಿ. ಇಟ್ಟುಕೊಳ್ಳಿ.

ಕ್ಲಿನಿಕ್ ಕೆಲಸ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 1949ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹೇಗೆ ತಯಾರಾಗಬೇಕು ಅಂತ ಚರ್ಚೆಯಾಯಿತು. ಸಂಶೋಧನೆಯೂ ಬರಬೇಕು, ಚಿಕಿತ್ಸೆಯೂ ಬರಬೇಕು ಅಂತ ತೀರ್ಮಾನವಾಯಿತು. ನನ್ನ ಕೆಲಸದಲ್ಲಿ ಇದು ದಿನಾ ಬೇಕು. ಯಾವುದೋ ಹೊಸ ಥೆರಪಿ ಬಂದಿದೆ, ಬಹಳ ಚೆನ್ನಾಗಿದೆ ಅಂತ ಯಾರೋ ಬರುತ್ತಾರೆ. ಹೋಲಿಸಲು ಇನ್ನೊಂದು ಗುಂಪು ಇತ್ತಾ, ಎಷ್ಟು ಜನ ಮಧ್ಯದಲ್ಲೇ ಬಿಟ್ಟು ಹೋದರು, ಆರು ತಿಂಗಳಾದ ಮೇಲೆ ಹೇಗಿದ್ದರು, ಇಷ್ಟು ಕೇಳಲು ಬರದಿದ್ದರೆ ನನ್ನ ಹತ್ತಿರ ಬಂದವರ ಸಮಯ, ಹಣ, ನಂಬಿಕೆ ಎಲ್ಲ ಹಾಳು.

ಎರಡನೇ ವರ್ಷ

ಇಷ್ಟು ಬೇಗ ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್. ಲ್ಯಾಬ್ ಮೂಲೆ ಸರ್, ಒಂದು ಪೆದ್ದು ಪ್ರಶ್ನೆ. ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದರೆ ನಮ್ಮ ಊಹೆ 95 ಶೇಕಡಾ ಸರಿ ಅಂತ ಅರ್ಥ ಅಲ್ವಾ? ನೋಟ್ಸ್‌ನಲ್ಲಿ ಹಾಗೇ ಬರೆದುಕೊಂಡಿದ್ದೇನೆ.

ಲ್ಯಾಬ್ ಮೂಲೆ

ಪೆದ್ದು ಪ್ರಶ್ನೆ ಅಲ್ಲವೇ ಅಲ್ಲ. ಬಹಳ ಜನ ಸಂಶೋಧಕರೂ ಇದನ್ನೇ ತಪ್ಪಾಗಿ ಹೇಳುತ್ತಾರೆ. ನೋಟ್ಸ್‌ನಲ್ಲಿರುವುದನ್ನು ಹೊಡೆದುಹಾಕಿ.

ಹೀಗೆ ಯೋಚಿಸಿ. ನಿಜವಾಗಿ ಏನೂ ವ್ಯತ್ಯಾಸ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಅಂಕಿಗಳು ಅಲ್ಪಸ್ವಲ್ಪ ಆಚೀಚೆ ಆಗುತ್ತವೆ. ಹಾಗೆ ಸುಮ್ನೆ ಆಚೀಚೆ ಆಗುವುದರಿಂದಲೇ ನಿಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರುವ ಸಾಧ್ಯತೆ ಎಷ್ಟು? ಅದು ಪಿ ವ್ಯಾಲ್ಯೂ. ನಿಮ್ಮ ಊಹೆ ಸರಿಯಾಗಿರುವ ಸಾಧ್ಯತೆಯನ್ನು ಅದು ಹೇಳುವುದಿಲ್ಲ.

ಇದರಿಂದ ಇನ್ನೊಂದು ಅಪಾಯ ಇದೆ. ಏನೂ ಇಲ್ಲದ ಕಡೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿ ನೋಡಿ. ಒಂದಾದರೂ 0.05ರ ಕೆಳಗೆ ಬರುವ ಸಾಧ್ಯತೆ ಸುಮಾರು 64 ಶೇಕಡಾ. ಆ ಒಂದನ್ನು ಮಾತ್ರ ಬರೆದು ಉಳಿದ 19ನ್ನು ಡ್ರಾಯರ್‌ನಲ್ಲಿ ಹಾಕಿದರೆ? ಅದಕ್ಕೇ ಈಗ ಏನು ಮಾಡುತ್ತೇನೆ ಅಂತ ಮೊದಲೇ ಬರೆದಿಟ್ಟು ಆಮೇಲೆ ಪ್ರಯೋಗಕ್ಕೆ ಇಳಿಯುವ ಪದ್ಧತಿ ಬಂದಿದೆ. ನೀವು ಡಿಗ್ರಿಯಲ್ಲೇ ಆ ಅಭ್ಯಾಸ ಮಾಡಿಕೊಳ್ಳಿ. ಲೆಕ್ಕ ಹಾಕಲು ಸಾಫ್ಟ್‌ವೇರ್ ಬೇಕಾದರೆ ಆರ್ (R) ಅನ್ನುವುದು ಉಚಿತ. ಜಮೋವಿ ಕೂಡ ಉಚಿತ, ಕಲಿಯಲು ಇನ್ನೂ ಸುಲಭ.

ಗುಂಡಿ ಮತ್ತು ಪರದೆ

ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಲ್ಲ, ನಾನು ಆ ಬೇರೆ ದಾರಿಯಲ್ಲಿದ್ದೇನೆ. ನನ್ನ ಕೆಲಸವನ್ನು ಯೂಸರ್ ರಿಸರ್ಚ್ ಅನ್ನುತ್ತಾರೆ. ಸಾಧನ, ಆ್ಯಪ್, ಯಂತ್ರಗಳನ್ನು ಜನ ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ ಅಂತ ನೋಡುವುದು.

ಈ ಕೆಲಸದ ಬೇರು ಸೈಕಾಲಜಿಯಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ವಿಮಾನಗಳು ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚುವ ಬದಲು ಚಕ್ರಗಳನ್ನೇ ಒಳಗೆ ಎಳೆದುಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕುಸಿದು ಬೀಳುತ್ತಿತ್ತು. ಪೈಲಟ್ ತಪ್ಪು ಅಂತ ಬರೆದು ಮುಗಿಸುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಅನ್ನುವ ಸೈಕಾಲಜಿಸ್ಟ್ ಕಾಕ್‌ಪಿಟ್ ನೋಡಿದರು. ಎರಡೂ ನಿಯಂತ್ರಣ ಅಕ್ಕಪಕ್ಕ, ಎರಡೂ ಒಂದೇ ಥರ! ದಣಿದ ಕೈಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಒಂದಕ್ಕೆ ಚಕ್ರದ ಆಕಾರದ ರಬ್ಬರ್ ತುದಿ, ಇನ್ನೊಂದಕ್ಕೆ ಫ್ಲ್ಯಾಪ್ ಆಕಾರದ್ದು ಹಾಕಿಸಿದರು. ಆ ತಪ್ಪು ನಿಂತೇ ಹೋಯಿತು. ಇವತ್ತಿನ ವಿಮಾನದಲ್ಲೂ ಲ್ಯಾಂಡಿಂಗ್ ಗೇರ್ ಹಿಡಿಕೆ ಚಕ್ರದ ಆಕಾರದಲ್ಲೇ ಇರುತ್ತದೆ.

ನನ್ನ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೊನ್ನೆ ಒಬ್ಬ ಹಿರಿಯರು, ಅರವತ್ತು ದಾಟಿದವರು, ನಾವು ಪರೀಕ್ಷೆ ಮಾಡುತ್ತಿದ್ದ ರಕ್ತದೊತ್ತಡ ಯಂತ್ರ ಹಿಡಿದು ಕೂತಿದ್ದರು. ಹಿಂದಿನ ವಾರದ ಲೆಕ್ಕ ನೋಡಿ ಅಂದೆ. ತೋರುಬೆರಳು ಪರದೆಯ ಮೇಲೆ ಗಾಳಿಯಲ್ಲೇ ನಿಂತಿತ್ತು. ಒಂದು ಚಿತ್ರದ ಹತ್ತಿರ ಹೋಗುತ್ತದೆ, ಮುಟ್ಟದೆ ವಾಪಸ್ ಬರುತ್ತದೆ. "ಒತ್ತಿದರೆ ಇರೋದೂ ಅಳಿಸಿ ಹೋದರೆ?" ಅಂದರು. ಆಮೇಲೆ, "ನನಗೆ ವಯಸ್ಸಾಯ್ತಪ್ಪ, ನಂದೇ ತಪ್ಪು" ಅಂದರು. ಅವರ ತಪ್ಪಲ್ಲ. ಹಳೆಯ ಲೆಕ್ಕ ನೋಡುವ ಚಿತ್ರವೂ ಅಳಿಸುವ ಚಿತ್ರವೂ ನೋಡಲು ಹತ್ತಿರ ಹತ್ತಿರ ಒಂದೇ ಥರ ಇದ್ದವು. ಆ ಬೆರಳು ಗಾಳಿಯಲ್ಲಿ ನಿಂತದ್ದನ್ನು ವಿಡಿಯೋದಲ್ಲಿ ಎಂಜಿನಿಯರ್‌ಗಳಿಗೆ ತೋರಿಸಿದೆ. ಮರುದಿನವೇ ಬದಲಾಯಿಸಿದರು.

ಡಿಗ್ರಿ ಮುಗಿದ ತಕ್ಷಣ ಈ ಕ್ಷೇತ್ರಕ್ಕೆ ಬರಬಹುದು. ಕಷ್ಟ, ಆದರೆ ಬರಬಹುದು. ಅಂಕಪಟ್ಟಿಗಿಂತ ನೀವು ಮಾಡಿದ ಕೆಲಸ ತೋರಿಸಿ. ಐದು ಜನರನ್ನು ಕೂರಿಸಿ ಯಾವುದಾದರೂ ಒಂದು ಆ್ಯಪ್ ಬಳಸುವುದನ್ನು ನೋಡಿ. ಏನು ಕೇಳಿದಿರಿ, ಏನು ಕಂಡಿತು, ಏನು ಬದಲಾಯಿಸಬೇಕು ಅಂತ ನಾಲ್ಕು ಪುಟ ಬರೆಯಿರಿ. ಸಂದರ್ಶನದಲ್ಲಿ ನಾನು ಮೊದಲು ಕೇಳುವುದೇ ಅದನ್ನು.

ನೇಮಕಾತಿ ವಿಭಾಗ

ಕಂಪನಿಗಳ ಎಚ್‌ಆರ್ ವಿಭಾಗವೂ ಇದೆ. ಡಿಗ್ರಿಯವರಿಗೆ ಬೇಗ ಬಾಗಿಲು ತೆರೆಯುವ ಜಾಗ. ಮೊದಮೊದಲು ಕಾಗದಪತ್ರದ ಕೆಲಸವೇ ಜಾಸ್ತಿ, ಅದಕ್ಕೆ ತಯಾರಿರಿ.

ಓದಿದ್ದು ಉಪಯೋಗಕ್ಕೆ ಬರುವುದು ಆಯ್ಕೆ ಮಾಡುವಾಗ. ಸುಮ್ನೆ ಹರಟೆ ಹೊಡೆದು "ಹುಡುಗ ಚೆನ್ನಾಗಿದ್ದಾನೆ" ಅನ್ನುವ ಸಂದರ್ಶನಕ್ಕಿಂತ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ ಮುಂದಿನ ಕೆಲಸವನ್ನು ಚೆನ್ನಾಗಿ ಊಹಿಸುತ್ತದೆ. ಇದು ಮತ್ತೆ ಮತ್ತೆ ಕಂಡುಬಂದ ವಿಷಯ. ಆದರೂ ಮ್ಯಾನೇಜರ್‌ಗಳನ್ನು ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು. ಒಪ್ಪಿಸಿದ ಮೇಲೆ, ಮಾತು ಕಡಿಮೆ ಆಡುವ, ಕೆಲಸ ಚೆನ್ನಾಗಿ ಬಲ್ಲ ಹುಡುಗಿಯರು ಆಯ್ಕೆಯಾಗತೊಡಗಿದರು. ಅದು ನನಗೆ ಬಹಳ ತೃಪ್ತಿ ಕೊಟ್ಟ ಕೆಲಸ.

ಒಬ್ಬ ತಾಯಿ

ನಾನು ಸೈಕಾಲಜಿ ಓದಿದವಳಲ್ಲ. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೂ ಕೇಳುತ್ತೇನೆ. ನನ್ನ ಮಗಳು ಈ ವರ್ಷ ಡಿಗ್ರಿಗೆ ಸೇರಬೇಕು. ಸೈಕಾಲಜಿಯೇ ಬೇಕು ಅನ್ನುತ್ತಿದ್ದಾಳೆ. ಎರಡು ವರ್ಷದಿಂದ ಅವಳಿಗೆ ಆತಂಕ ಜಾಸ್ತಿ. ಪರೀಕ್ಷೆ ದಿನ ಕೈ ನಡುಗುತ್ತದೆ, ಊಟ ಸೇರುವುದಿಲ್ಲ. "ಇದನ್ನ ಓದಿದ್ರೆ ನಂಗೆ ಏನಾಗಿದೆ ಅಂತ ನಂಗೇ ಗೊತ್ತಾಗುತ್ತೆ ಅಮ್ಮ" ಅನ್ನುತ್ತಾಳೆ. ಓದಿದರೆ ವಾಸಿಯಾಗುತ್ತಾ, ಇಲ್ಲ ಜಾಸ್ತಿಯಾಗುತ್ತಾ?

ಕ್ಲಿನಿಕ್ ಕೆಲಸ

ಅಮ್ಮ, ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಈ ವಿಷಯಕ್ಕೆ ಬರುವ ಎಷ್ಟೋ ಮಕ್ಕಳು ಇದೇ ಕಾರಣಕ್ಕೆ ಬರುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಓದು ಓದು, ಚಿಕಿತ್ಸೆ ಚಿಕಿತ್ಸೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಮೂಳೆಯ ಬಗ್ಗೆ ಓದಿದರೆ ಮುರಿದ ಕೈ ಕೂಡಿಕೊಳ್ಳುತ್ತದಾ? ಹಾಗೇ ಇದು. ಕೈ ನಡುಗುವುದು, ಊಟ ಬಿಡುವುದು ಎರಡು ವರ್ಷದಿಂದ ಇದ್ದರೆ ಅಡ್ಮಿಷನ್‌ಗೆ ಕಾಯಬೇಡಿ, ಈಗಲೇ ತರಬೇತಿ ಪಡೆದವರ ಹತ್ತಿರ ಕರೆದುಕೊಂಡು ಹೋಗಿ. ಆತಂಕಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಯೋಚನೆ ಮತ್ತು ನಡವಳಿಕೆ ಎರಡನ್ನೂ ಹಿಡಿದು ಮಾಡುವ ಸಿಬಿಟಿ ಥೆರಪಿಗೆ ತುಂಬಾ ಚೆನ್ನಾಗಿ ಪರೀಕ್ಷಿಸಿದ ಆಧಾರ ಇದೆ.

ಒಂದು ವಿಷಯ ಅವಳಿಗೂ ಮೊದಲೇ ಗೊತ್ತಿರಲಿ. ಮನೋರೋಗಗಳ ಪಾಠ ಬಂದಾಗ ಪ್ರತಿ ಪುಟದಲ್ಲೂ ಇದು ನಂದೇ ಅನ್ನಿಸುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳಿಗೂ ಹೀಗೇ ಆಗುತ್ತದೆ. ಆ ಸಮಯದಲ್ಲಿ ಮಾತಾಡಲು ಒಬ್ಬರು ಇರಬೇಕು. ಚಿಕಿತ್ಸೆ ನಡೆಯುತ್ತಿದ್ದು, ಓದುವ ಆಸೆಯೂ ಹಾಗೇ ಉಳಿದರೆ ಖಂಡಿತ ಓದಲಿ. ನನ್ನ ಬ್ಯಾಚಿನಲ್ಲಿ ಅಂಥವರಿದ್ದರು. ಇವತ್ತು ಅವರೂ ಒಳ್ಳೆಯ ಥೆರಪಿಸ್ಟ್‌ಗಳು.

ಒಬ್ಬ ತಾಯಿ

ನಾಳೆಯೇ ಕರೆದುಕೊಂಡು ಹೋಗುತ್ತೇನೆ ಮೇಡಂ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಶಾಲೆಯ ಕೌನ್ಸೆಲರ್

ಶಾಲೆಯ ಕೆಲಸದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು. ಮಾಸ್ಟರ್ಸ್ ಮಾಡಿ ಈ ಕೆಲಸಕ್ಕೆ ಬಂದೆ. ಆರು ವರ್ಷವಾಯಿತು.

ಬುದ್ಧಿ ಪರೀಕ್ಷೆ ಹುಟ್ಟಿದ್ದೇ ಶಾಲೆಗಾಗಿ. ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೊನ್ 1905ರಲ್ಲಿ ಫ್ರಾನ್ಸ್‌ನಲ್ಲಿ ಅದನ್ನು ಮಾಡಿದ್ದು ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಅಂತ ಕಂಡುಹಿಡಿಯಲು. ಆಮೇಲೆ ಬೇರೆಯವರು ಅದನ್ನೇ ಮಕ್ಕಳಿಗೆ ಮುದ್ರೆ ಒತ್ತಲು ಬಳಸಿದರು. ಈ ಎರಡರ ನಡುವಿನ ವ್ಯತ್ಯಾಸ ನನ್ನ ಕೆಲಸದಲ್ಲಿ ದಿನಾ ಬರುತ್ತದೆ.

ಒಂಬತ್ತು ವರ್ಷದ ಹುಡುಗ ಒಬ್ಬನನ್ನು "ಇವನಿಗೆ ಗಮನ ಇಲ್ಲ, ಪರೀಕ್ಷೆ ಮಾಡಿ" ಅಂತ ಕಳಿಸಿದರು. ನನ್ನ ಕೋಣೆಯಲ್ಲಿ ಕೂತು ಚೆನ್ನಾಗಿಯೇ ಮಾತಾಡಿದ. ನಾನು ಎದ್ದು ಕಪಾಟಿನಿಂದ ಬ್ಲಾಕ್‌ಗಳನ್ನು ತೆಗೆಯುತ್ತಾ, ಅವನಿಗೆ ಬೆನ್ನು ಮಾಡಿ ಏನೋ ಕೇಳಿದೆ. ಉತ್ತರ ಇಲ್ಲ. ತಿರುಗಿ ಅದನ್ನೇ ಕೇಳಿದೆ. ತಕ್ಷಣ ಹೇಳಿದ. ಮತ್ತೆ ಬೆನ್ನು ಮಾಡಿ ಕೇಳಿದೆ. ಮತ್ತೆ ಉತ್ತರ ಇಲ್ಲ. ಅವನು ನನ್ನ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ. ಯಾವ ಪರೀಕ್ಷೆಯನ್ನೂ ಮಾಡದೆ ಮೊದಲು ಕಿವಿ ತೋರಿಸಿ ಅಂತ ಕಳಿಸಿದೆ. ಹಿಯರಿಂಗ್ ಏಡ್ ಬಂದ ಮೇಲೆ ಅವನ ಗಮನಕ್ಕೆ ಏನೂ ತೊಂದರೆ ಇರಲಿಲ್ಲ.

ಕೇಳುವುದು ಕೇಳುತ್ತೀರಿ, ಸರಿ. ನೋಡುವುದನ್ನೂ ಕಲಿಯಿರಿ. ಡಿಗ್ರಿಯಲ್ಲಿ ಅಬ್ಸರ್ವೇಷನ್ ಪ್ರಾಕ್ಟಿಕಲ್ ಇರುತ್ತದಲ್ಲ, ಬಹಳ ಜನ ಹಳೆಯ ಬ್ಯಾಚಿನ ರೆಕಾರ್ಡ್ ನೋಡಿ ನಕಲು ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮಾಸ್ಟರ್ಸ್ ಮೊದಲ ವರ್ಷ

ನಾನು ಈಗಷ್ಟೇ ಡಿಗ್ರಿ ಮುಗಿಸಿ ಮಾಸ್ಟರ್ಸ್‌ಗೆ ಸೇರಿದವಳು. ನನಗೆ ಉಪಯೋಗಕ್ಕೆ ಬಂದದ್ದು ಹೇಳುತ್ತೇನೆ.

ಎರಡನೇ ವರ್ಷದಲ್ಲೇ ಒಬ್ಬ ಮೇಡಂ ಹತ್ತಿರ ಹೋಗಿ, ನಿಮ್ಮ ಸಂಶೋಧನೆಯಲ್ಲಿ ಏನಾದರೂ ಸಣ್ಣ ಕೆಲಸ ಇದೆಯಾ ಅಂತ ಕೇಳಿದ್ದೆ. ಪ್ರಶ್ನಾವಳಿಗಳನ್ನು ಕಂಪ್ಯೂಟರ್‌ಗೆ ಹಾಕುವ ಕೆಲಸ ಕೊಟ್ಟರು. ಬೋರ್ ಅನ್ನಿಸಿತು. ಆದರೆ ಅಲ್ಲೇ ಕಲಿತೆ, ಜನ ಹದಿನೈದನೇ ಪ್ರಶ್ನೆ ಆದ ಮೇಲೆ ಓದದೆ ಟಿಕ್ ಹಾಕುತ್ತಾ ಹೋಗುತ್ತಾರೆ, ಅದನ್ನು ಹೇಗೆ ಹಿಡಿಯುವುದು ಅಂತ. ಶಿಫಾರಸು ಪತ್ರ ಬೇಕಾದಾಗ ಆ ಮೇಡಂಗೆ ನನ್ನ ಬಗ್ಗೆ ಬರೆಯಲು ನಿಜವಾಗಿಯೂ ವಿಷಯ ಇತ್ತು. ಹೆಲ್ಪ್‌ಲೈನ್ ಒಂದರಲ್ಲಿ ತರಬೇತಿ ಪಡೆದು ವಾರಕ್ಕೊಂದು ಸಂಜೆ ಕೂರುತ್ತಿದ್ದೆ. ನನಗೆ ಇದು ಆಗುತ್ತದಾ ಇಲ್ಲವಾ ಅನ್ನುವುದು ಅಲ್ಲೇ ಗೊತ್ತಾಯಿತು. ನನ್ನ ಜೊತೆ ಸೇರಿದ್ದ ಗೆಳತಿ ಎರಡು ತಿಂಗಳಿಗೆ ಬಿಟ್ಟಳು. ಫೋನ್ ಇಟ್ಟ ಮೇಲೂ ಆ ದನಿಗಳು ಅವಳ ಜೊತೆಗೇ ಮನೆಗೆ ಬರುತ್ತಿದ್ದವಂತೆ. ಈಗ ಅವಳು ಮಾತಿನ ತೊಂದರೆ ಇರುವ ಮಕ್ಕಳಿಗೆ ಸಹಾಯ ಮಾಡುವ ಸ್ಪೀಚ್ ಥೆರಪಿ ಓದುತ್ತಿದ್ದಾಳೆ, ಖುಷಿಯಾಗಿದ್ದಾಳೆ. ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ, ಕಾನೂನು ಕಡೆಗೆ ಹೋದವರೂ ನಮ್ಮ ಕ್ಲಾಸಿನಲ್ಲಿದ್ದಾರೆ. ಸೈಕಾಲಜಿ ಓದಿದ ಡೇನಿಯಲ್ ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು ಅಲ್ವಾ, ಗಡಿ ಅಷ್ಟು ಗಟ್ಟಿಯಾಗಿಲ್ಲ.

ದಾರಿ ಬದಲಿಸಿದವನು

ಇದನ್ನೆಲ್ಲ ಓದಿ ನಾನೂ ಸ್ವಲ್ಪ ಯೋಚಿಸಿದೆ. ನಾನು ಓದಿದ್ದು ವ್ಯರ್ಥ ಅಂತ ಎಷ್ಟೋ ದಿನ ಅಂದುಕೊಂಡಿದ್ದೆ. ಆದರೆ ಈಗಿನ ಕೆಲಸದಲ್ಲಿ ಅಂಕಿಗಳ ಮುಂದೆ ಕೂತಾಗ ನಾನು ಕೇಳುವ ಪ್ರಶ್ನೆಗಳನ್ನು ನನ್ನ ಎಂಜಿನಿಯರ್ ಗೆಳೆಯರು ಕೇಳುವುದಿಲ್ಲ. ಈ ಸಮೀಕ್ಷೆಗೆ ಉತ್ತರ ಕೊಡದವರು ಯಾರು? ಪ್ರಶ್ನೆಯನ್ನು ಹೇಗೆ ಕೇಳಿದ್ದರು? ಇದು ಕಾರಣವೋ, ಬರೀ ಜೊತೆಗೆ ನಡೆದದ್ದೋ? ಇದೆಲ್ಲ ಡಿಗ್ರಿಯಲ್ಲೇ ಬಂದದ್ದು. ಆಗ ಕೆಲಸ ಹುಡುಕುವಾಗ ಇದನ್ನು ಹೇಳಿಕೊಳ್ಳಲು ನನಗೆ ಬರಲಿಲ್ಲ. "ಸೈಕಾಲಜಿ ಓದಿದ್ದೇನೆ" ಅಂತ ಮಾತ್ರ ಬರೆದಿದ್ದೆ. "80 ಜನರ ಮೇಲೆ ಸಮೀಕ್ಷೆ ಮಾಡಿ, ವಿಶ್ಲೇಷಿಸಿ, ವರದಿ ಬರೆದಿದ್ದೇನೆ" ಅಂತ ಬರೆಯಬೇಕಿತ್ತು. ತಂಗಿ, ನೀವು ಹಾಗೆ ಬರೆಯಿರಿ.

ಎರಡನೇ ವರ್ಷ

ಹತ್ತು ದಿನ ಆಯಿತು. ಏನು ಮಾಡಿದೆ ಅಂತ ಹೇಳಲು ಬಂದೆ.

ಅಪ್ಪನ ಜೊತೆ ಕೂತು ಮಾತಾಡಿದೆ. ಮಾಸ್ಟರ್ಸ್ ಓದಿಸಲು ಆಗುತ್ತದೆ, ಅದಕ್ಕಿಂತ ಮುಂದೆ ನೀನೇ ನೋಡಿಕೊಳ್ಳಬೇಕು ಅಂದರು. ಅಷ್ಟು ಗೊತ್ತಾದದ್ದೇ ದೊಡ್ಡ ಸಮಾಧಾನ. ಆಮೇಲೆ ಸ್ಟ್ರೂಪ್ ಹಾಳೆ ಅವರ ಕೈಗೂ ಕೊಟ್ಟೆ. ಪದಗಳ ಹಾಳೆಯಲ್ಲಿ ಎರಡು ಸಲ ತಪ್ಪಿದರು. ತಡಿ, ಇನ್ನೊಂದು ಸಲ ಮಾಡ್ತೀನಿ ಅಂತ ಕನ್ನಡಕ ಒರೆಸಿಕೊಂಡು ಮತ್ತೆ ಕೂತರು.

ಲ್ಯಾಬ್ ಮೂಲೆ ಸರ್, ಕ್ಲಾಸಿನವರನ್ನು ಬಿಟ್ಟು ಇನ್ನೂ 14 ಜನರ ಮೇಲೆ ಮಾಡಿದೆ. ಎಲ್ಲರಿಂದಲೂ ಒಪ್ಪಿಗೆ ಬರೆಸಿಕೊಂಡಿದ್ದೇನೆ. 13 ಜನರಲ್ಲಿ ವ್ಯತ್ಯಾಸ ಚೆನ್ನಾಗಿ ಬಂತು. ಒಬ್ಬಳಲ್ಲಿ ಮಾತ್ರ ಬರಲೇ ಇಲ್ಲ. ಎರಡೂ ಹಾಳೆಗೆ ಹತ್ತಿರ ಹತ್ತಿರ ಒಂದೇ ಸಮಯ. ಅವಳನ್ನು ಲೆಕ್ಕದಿಂದ ತೆಗೆದುಬಿಟ್ಟರೆ ಗ್ರಾಫ್ ಬಹಳ ಚೆನ್ನಾಗಿ ಕಾಣುತ್ತದೆ. ತೆಗೆಯಲಾ?

ಲ್ಯಾಬ್ ಮೂಲೆ

ಚೆನ್ನಾಗಿ ಕಾಣುತ್ತದೆ ಅನ್ನುವ ಕಾರಣಕ್ಕೆ ತೆಗೆಯಬೇಡಿ. ಅವಳ ಬಗ್ಗೆ ಹೇಳಿ. ಬಣ್ಣ ಸರಿಯಾಗಿ ಕಾಣುತ್ತದಾ? ಸೂಚನೆ ಅರ್ಥ ಆಗಿತ್ತಾ? ಹಾಳೆ ಯಾವ ಭಾಷೆಯಲ್ಲಿತ್ತು?

ಎರಡನೇ ವರ್ಷ

ಬಣ್ಣಗಳನ್ನೆಲ್ಲ ಸರಿಯಾಗಿಯೇ ಹೇಳಿದಳು, ತಪ್ಪು ಒಂದೂ ಇಲ್ಲ. ಹಾಳೆ ಕನ್ನಡದಲ್ಲಿತ್ತು. ಅಯ್ಯೋ ಸರ್. ಅವಳ ಮಾತೃಭಾಷೆ ಬೇರೆ. ಕನ್ನಡ ಮಾತಾಡುತ್ತಾಳೆ, ಆದರೆ ಓದೋಕೆ ಈ ವರ್ಷವಷ್ಟೇ ಕಲಿಯುತ್ತಿದ್ದಾಳೆ. ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ. ಅವಳಿಗೆ ಪದ ತಾನಾಗಿಯೇ ಓದಿಸಿಕೊಳ್ಳುವುದೇ ಇಲ್ಲ ಅಲ್ವಾ? ಅದಕ್ಕೇ ಅಡ್ಡ ಬರಲಿಲ್ಲವಾ?

ಲ್ಯಾಬ್ ಮೂಲೆ

ನನಗೂ ಹಾಗೇ ಅನ್ನಿಸುತ್ತದೆ. ಓದು ಕಲಿಯುತ್ತಿರುವ ಸಣ್ಣ ಮಕ್ಕಳಲ್ಲೂ ಈ ಅಡ್ಡಿ ಕಡಿಮೆಯೇ, ಓದು ಸರಾಗವಾದಂತೆ ಬರುತ್ತದೆ. ಆದರೆ ಒಬ್ಬಳನ್ನು ನೋಡಿ ಹೇಳುವ ಹಾಗಿಲ್ಲ. ಅವಳ ಅಂಕಿ ವರದಿಯಲ್ಲಿರಲಿ, ಓದಿನ ವಿಷಯವನ್ನೂ ಬರೆಯಿರಿ. ಆಮೇಲೆ ಅವಳ ಮಾತೃಭಾಷೆಯಲ್ಲಿ ಅದೇ ಹಾಳೆ ಮಾಡಿ ಅವಳಿಗೇ ಕೊಡಿ. ಏನು ಬರಬೇಕು ಅಂತ ಮೊದಲೇ ಬರೆದಿಟ್ಟು, ಆಮೇಲೆ ಸ್ಟಾಪ್‌ವಾಚ್ ಒತ್ತಿ.

ಎರಡನೇ ವರ್ಷ

ಬರೆದಿಟ್ಟೆ ಸರ್. ಅವಳ ಹಾಗೇ ಈಗ ಓದೋಕೆ ಕಲಿಯುತ್ತಿರುವ ಇನ್ನೂ ಮೂವರು ಸಿಕ್ಕಿದ್ದಾರೆ. ಶನಿವಾರ ನಾಲ್ಕೂ ಜನ ಬರುತ್ತಾರೆ. ಹೊಸ ಹಾಳೆಗೆ ಬಣ್ಣ ಹಾಕುತ್ತಾ ಕೂತಿದ್ದೇನೆ.